ಮಾವನ ಬೆನ್ನು

ನರಸೀಪುರದ ಅರ್ಧ ಊರಿಗೆ ನೀರು ಬಿಟ್ಟ ಕೈ ಪುಟ್ಟಬಸವಯ್ಯನವರದು. ವಾಲ್ವು ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಅವರು ಬೀದಿಯ ತಿರುವಿನಲ್ಲಿ ಕಾಣಿಸಿದರೆ ಸಾಕು, ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಿಂದಿಗೆಗಳನ್ನು ಸಾಲಿಗಿಡುತ್ತಿದ್ದರು. ಗುಂಡಿಯ ಮುಚ್ಚಳ ಸರಿಸಿ, ಕೀಲಿಯನ್ನು ಒಳಗೆ ಇಳಿಬಿಟ್ಟು, ಅದರ ಹಿಡಿಗೆ ಕಿವಿಯಾನಿಸಿ ಅವರು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುವರು. ನೆಲದಡಿಯಲ್ಲಿ ನೀರು ಎತ್ತ ಓಡುತ್ತಿದೆ, ಎಲ್ಲಿ ಕದ್ದು ಸೋರುತ್ತಿದೆ ಅನ್ನುವುದು ಆ ಕಬ್ಬಿಣದೊಳಗಿಂದ ಅವರಿಗೆ ಕೇಳುತ್ತದೆ ಎಂದು ಜನ ನಂಬಿದ್ದರು. ಕೇಳುತ್ತಲೂ ಇತ್ತು.

ಅಂಥವರ ಸ್ವಂತ ಮನೆಯಲ್ಲಿ ಪೈಪು ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ ಎಂಬುದು ಮಾತ್ರ ಅವರನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ರಜೆಯ ದಿನಗಳಲ್ಲಿ ತಾವೇ ಪೈಪು ಕೊಯ್ದು, ತಾವೇ ಗೋಡೆ ಕೊರೆದು, ತಾವೇ ಗಾರೆ ಮೆತ್ತಿ ಮುಗಿಸಿದ ಕೆಲಸ ಅದು. ಸೊಸೆ ವನಿತಾ ಮದುವೆಯಾಗಿ ಬಂದ ಹೊಸದರಲ್ಲಿ ಬಚ್ಚಲಿನ ನಲ್ಲಿ ಕಿತ್ತುಬಂದು ನೀರು ಚಿಮ್ಮಿದಾಗ, ಅದನ್ನು ಸೆರಗಿನಿಂದ ಅದುಮಿ ಹಿಡಿದುಕೊಂಡೇ “ಇದನ್ನ ಎಲ್ಲಿ ನಿಲ್ಲಿಸೋದು ಮಾವ?” ಎಂದು ಕೇಳಿದ್ದಳು. ಅವರು ಒಳಗೆಲ್ಲೋ ಹೋಗಿ ನೀರು ನಿಲ್ಲಿಸಿ ಬಂದು, “ಅದ್ಯಾಕವ್ವ ನಿಂಗೆ, ನಾನಿಲ್ವಾ?” ಅಂದಿದ್ದರು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ವನಿತಾ ಮತ್ತೆ ಕೇಳಲಿಲ್ಲ.

ಈಗ ಅವರಿದ್ದರು, ಮಾತಿರಲಿಲ್ಲ. ಮಾಗಿಯ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆಯನ್ನು ಒಟ್ಟಿಗೆ ಕಿತ್ತುಕೊಂಡು ಹೋಯಿತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ವಯಸ್ಸಾದ ನರ್ಸಮ್ಮ ಒಬ್ಬರು ವನಿತಾಳನ್ನು ಪಕ್ಕಕ್ಕೆ ಕರೆದರು.

“ನೋಡಮ್ಮ, ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತೀಯ, ಮುಖ ನೋಡಿದ್ರೆ ಗೊತ್ತಾಗ್ತದೆ. ಅದಲ್ಲ ನಾನು ಹೇಳೋದು. ಬೆನ್ನು ಒಡೀಬಾರದು. ಮಲಗಿದೋರ ಜೀವ ಬೆನ್ನಲ್ಲಿರ್ತದೆ. ಅಲ್ಲಿ ಚರ್ಮ ಒಡೀತು ಅಂದ್ರೆ ಈ ವಯಸ್ಸಲ್ಲಿ ಕೂಡೋದು ಕಷ್ಟ.”

ಆ ಮಾತು ವನಿತಾಳ ಎದೆಯಲ್ಲಿ ಕೂತುಬಿಟ್ಟಿತು. ಆದರೆ ಆ ಬೆನ್ನನ್ನು ಅವಳು ನೋಡುವಂತಿರಲಿಲ್ಲ.

ಆ ಮನೆಯಲ್ಲಿ ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ, ಅವರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರ ಬರಿಮೈ ಮುಟ್ಟುವುದಂತೂ ದೂರದ ಮಾತು. ಬುದ್ಧನ ಪಟ ಗೋಡೆಗೆ ಬಂದ ವರ್ಷವೇ ಹಳೆಯ ಎಷ್ಟೋ ಕಟ್ಟಳೆಗಳು ಹೊಸಿಲು ದಾಟಿ ಹೋಗಿದ್ದವು. ಇದು ಮಾತ್ರ ಹೋಗಿರಲಿಲ್ಲ. ಹಾಗಾಗಿ ಕೆಲಸ ತಾನಾಗಿ ಹಂಚಿಹೋಯಿತು. ಮುಖ, ಕೈ, ಮೊಣಕಾಲಿನಿಂದ ಕೆಳಗಿನ ಕಾಲು ವನಿತಾಳ ಪಾಲು. ಊಟ, ಮಾತ್ರೆ, ಒಗೆತವೂ ಅವಳದೇ. ಬೆನ್ನು, ಸೊಂಟ, ಸ್ನಾನ ಮಗ ಸಿದ್ಧಾರ್ಥನ ಪಾಲು. ಅವನು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅಪ್ಪನನ್ನು ಹೊರಳಿಸಿ ಒರೆಸುವನು. ನಡುವಿನ ಹೊತ್ತೆಲ್ಲ ವನಿತಾ ಮುಖ ಆಚೆ ತಿರುಗಿಸಿಕೊಂಡು, ಹೊದಿಕೆಯ ಮೇಲಿಂದಲೇ ತಳ್ಳಿ ಮಗ್ಗುಲು ಬದಲಿಸುವಳು. ಮೂತ್ರದ ಬಾಟಲಿಯೂ ಹಾಗೆಯೇ. ಹೊದಿಕೆಯಡಿಗೆ ಚಾಚಿ, ಹೊರಗೆ ಹೋಗಿ ನಿಲ್ಲುವಳು. ಮಾವ ಎಡಗೈಯಲ್ಲಿ ಹಿಡಿದುಕೊಂಡು, ಮುಗಿದ ಮೇಲೆ ಚಮಚದಿಂದ ಸ್ಟೀಲ್ ಲೋಟವನ್ನು ತಟ್ಟುವರು. ಅವರಿಬ್ಬರ ನಡುವೆ ಇದ್ದ ಭಾಷೆ ಆ ಸದ್ದೊಂದೇ.

ಒಮ್ಮೆ ಮಂಚದಿಂದ ಉರುಳಿ ಬಿದ್ದ ಮೇಲೆ ಹಾಸಿಗೆಯನ್ನು ನೆಲಕ್ಕಿಳಿಸಿದರು. ಬಚ್ಚಲಿಗೆ ಹತ್ತಿರವೆಂದು ಪಕ್ಕದ ಕೋಣೆಯಲ್ಲಿ, ಕೆಂಪು ಗಾರೆಯ ನೆಲದ ಮೇಲೆ ಚಾಪೆ, ಅದರ ಮೇಲೆ ಹತ್ತಿಯ ಹಾಸಿಗೆ, ಆಸ್ಪತ್ರೆಯವರು ಹೇಳಿದ ರಬ್ಬರ್ ಹಾಳೆ.

ಆ ರಬ್ಬರ್ ಹಾಳೆಯನ್ನು ತೆಗೆಸಿದ್ದು ಸೋಸಲೆಯ ದೇವೀರಮ್ಮ. ಪುಟ್ಟಬಸವಯ್ಯನವರ ಅಕ್ಕ. ಎಂಬತ್ತು ದಾಟಿದ ಜೀವ. ಮೈ ತುಂಬ ನೆರಿಗೆ, ಆದರೆ ಕೈ ಹಿಡಿದರೆ ಬಹಳ ಸಲ ಒಗೆದ ಹತ್ತಿ ಸೀರೆ ಹಿಡಿದಷ್ಟು ಮೆದು. ಬಸ್ಸಿಳಿದು ಬಂದವರೇ ತಮ್ಮನ ಪಕ್ಕ ಕೂತು, ಹಾಸಿಗೆಯ ಅಂಚಿಗೆ ಕೈಯಿಟ್ಟು ಮುಖ ಸಿಂಡರಿಸಿದರು.

“ಇದ್ಯಾರವ್ವ ಈ ರಬ್ಬರು ಆಸ್ದೋರು?”

“ಹಾಸಿಗೆ ನೆನೀಬಾರದು ಅಂತ ಆಸ್ಪತ್ರೇಲಿ ಹೇಳಿದ್ರು ಅತ್ತೆ.”

“ಆಸ್ಗೆ ನೆನೀಬಾರ್ದು, ಮೈ ಬೆಂದೋದ್ರೆ ಪರ್ವಾಗಿಲ್ವಾ? ಬೆವ್ರು ಎತ್ಲಾಗೋದದು? ಮುದಿ ಚರ್ಮ ಕಣವ್ವ ಇದು, ಬೆಂದ ಗೆಣಸಿನ ಸಿಪ್ಪೆ ಇದ್ದಂಗೆ. ಎಳುದ್ರೆ ಬಿಟ್ಕತದೆ.” ಸಿದ್ಧಾರ್ಥ ಮೆಡಿಕಲ್ ಸ್ಟೋರಿನಿಂದ ತಂದಿಟ್ಟಿದ್ದ ಕ್ರೀಮಿನ ಮುಚ್ಚಳ ತೆಗೆದು ಮೂಸಿದರು. “ಇದ್ರ ವಾಸ್ನೆಗೆ ನನ್ ತಮ್ಮ ಮದ್ವೆ ಗಂಡು ಅನ್ಕಂಡು ಎದ್ದು ಕೂತಾನು. ಇಂತವೆಲ್ಲ ಬ್ಯಾಡ ಕಣ್ಲಾ ಸಿದ್ದಾ. ಸೋಪು ದಿನಾ ಆಕ್ಬ್ಯಾಡ. ಎಸ್ರುಕಾಳಿನ ಇಟ್ಟು ನೀರ್ನಲ್ಲಿ ಕಲ್ಸಿ ಸವ್ರಿ ತೆಗಿ. ಉಜ್ಬ್ಯಾಡ, ಒತ್ತಿ ಒತ್ತಿ ಒರ್ಸು. ಮೈ ಇನ್ನೂ ವಸಿ ತ್ಯಾವ ಇರೋವಾಗ್ಲೇ ಕೊಬ್ರಿ ಎಣ್ಣೆ ಬೆಚ್ಚಗ್ ಮಾಡಿ ಸವ್ರು. ಅಷ್ಟೇಯ. ನನ್ ಕೈ ನೋಡು, ಇದ್ಕೆ ಯಾವ್ ಡಾಕ್ಟ್ರು ಬಂದಿದ್ದ?”

ಹಳೆಯ ಪಂಚೆಗಳನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ಅತ್ತೆಯ ಬುದ್ಧಿಮಾತು ಸರಿಯಾಗಿಯೇ ಇತ್ತು. ಮಾವನ ಮೈ ವಾರದೊಳಗೆ ಹೊಳಪಿಗೆ ತಿರುಗಿತು. ಮೊಣಕೈಯ ಬಿರುಕು ಮುಚ್ಚಿತು. ಬೆನ್ನು ನುಣ್ಣಗಿದೆ ಎಂದು ಸಿದ್ಧಾರ್ಥ ಹೇಳಿದಾಗ ವನಿತಾ ಒಲೆಯ ಮುಂದೆ ನಿಂತುಕೊಂಡೇ ಕೈಮುಗಿದಳು.

ಶಿವರಾತ್ರಿ ಕಳೆದ ಮೇಲೆ ಹಾಸಿಗೆ ಒದ್ದೆಯಾಗತೊಡಗಿತು.

ಮೊದಲು ಅಂಚು, ಆಮೇಲೆ ನಡು. ಬೆಳಿಗ್ಗೆ ಪಂಚೆ ಬದಲಿಸಿದರೆ ಮಧ್ಯಾಹ್ನಕ್ಕೆ ತಣ್ಣಗೆ ಕೈಗೆ ಹತ್ತುವುದು. ವನಿತಾ ಹೊದಿಕೆಯ ಕೆಳಗೆ ಕೈ ತೂರಿಸಿ, ಮುಖ ತಿರುಗಿಸಿಕೊಂಡೇ ಅಂಚು ಹಿಡಿದೆಳೆದು ಬಟ್ಟೆ ಬದಲಿಸುವಳು. ಎಳೆದ ಬಟ್ಟೆಯನ್ನು ಮೂಗು ಮುಚ್ಚಿಕೊಂಡು ನೇರ ಬಕೆಟ್ಟಿಗೆ ಹಾಕುವಳು. ಒದ್ದೆ ಯಾವ ಕಡೆಯಿಂದ ಬಂದದ್ದು, ಮೇಲಿನ ಮಡಿಕೆ ಹೆಚ್ಚು ನೆನೆದಿದೆಯೋ ಕೆಳಗಿನದೋ ಎಂದು ಬಿಡಿಸಿ ನೋಡಲಿಲ್ಲ. ಮಾವನ ಮಾನದ ಬಟ್ಟೆ. ಅದನ್ನು ಬೆಳಕಿಗೆ ಹಿಡಿದು ನೋಡುವ ಸೊಸೆ ಎಂಥವಳು?

“ಮಾವ, ಬಾಟಲಿ ಬೇಕಾದಾಗ ತಟ್ಟಿ ಅಂತ ಹೇಳಿದ್ದೆನಲ್ಲ,” ಅಂದಳು. ಮಾವ ತಟ್ಟಿದರು. ಬಾಟಲಿ ಕೊಟ್ಟಳು. ಅವರು ಮುಗಿಸಿ ಮತ್ತೆ ತಟ್ಟಿದರು. ಆದರೂ ಸಂಜೆಗೆ ಹಾಸಿಗೆ ಒದ್ದೆ.

“ಮಕ್ಕಳಾದ್ರೆ ಎರಡು ಏಟು ಹಾಕಬಹುದಿತ್ತು,” ಎಂದು ಅವಳು ಬಾಗಿಲಾಚೆ ಹೋಗಿ ಗೊಣಗಿದಳು. ಬಾಗಿಲು ತೆರೆದೇ ಇತ್ತು.

ಅದೇ ದಿನಗಳಲ್ಲಿ ಮೇಲಿನ ಟ್ಯಾಂಕಿನ ನೀರು ನಿಲ್ಲದಾಯಿತು. ಬೆಳಿಗ್ಗೆ ಮೋಟರ್ ಹಾಕಿ ತುಂಬಿಸಿದರೆ ಸಂಜೆಗೆ ನಲ್ಲಿ ಉಸಿರು ಬಿಡುವುದು. ಸಿದ್ಧಾರ್ಥ ಪಾಳಿ ಮುಗಿಸಿ ಬಂದು, ಮೈಗೆ ಸೋಪು ಹಚ್ಚಿಕೊಂಡ ಮೇಲೆ ನೀರು ನಿಂತು ಕೂಗಾಡಿದ.

“ದಿನಾ ಇಷ್ಟು ಬಟ್ಟೆ ಒಗೆದ್ರೆ ಟ್ಯಾಂಕು ಉಳೀತದಾ?”

“ನಿಮ್ಮಪ್ಪನ ಹಾಸಿಗೆ ನೆಂದ್ರೆ ಒಗೀದೆ ಏನ್ ಮಾಡ್ಲಿ? ನೀವೇ ಒಗೀರಿ, ಗೊತ್ತಾಗ್ತದೆ.”

“ನೀರು ಕಮ್ಮಿ ಕೊಡು ಮತ್ತೆ. ಒಳಗೆ ಹೋಗಿದ್ದು ತಾನೆ ಆಚೆ ಬರೋದು.”

ಸಿಟ್ಟಿನಲ್ಲಿ ಹೇಳಿದ ಮಾತು, ಅವನು ಮರೆತ. ವನಿತಾ ಮರೆಯಲಿಲ್ಲ. ಮಾರನೆಯ ದಿನ ಸಂಜೆಯ ಲೋಟ ನಿಂತಿತು. ಆಮೇಲೆ ಮಧ್ಯಾಹ್ನದ್ದು ಅರ್ಧವಾಯಿತು. ಮಾತ್ರೆ ನುಂಗಲು ಬೇಕಾದಷ್ಟು, ಊಟದ ಕೊನೆಗೆ ಎರಡು ಗುಟುಕು. ಮಾವ ಲೋಟದ ಕಡೆ ನೋಡಿದರೆ ಅವಳು “ಸಾಕು ಮಾವ, ಆಮೇಲೆ ನಿಮಗೇ ಕಷ್ಟ,” ಅನ್ನುವಳು. ಅವರ ತುಟಿ ಸಿಪ್ಪೆಯೆದ್ದಾಗ ಮಮತೆಯಿಂದಲೇ ತುಪ್ಪ ಸವರುವಳು. ಮುಂಗೈಯ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ವಯಸ್ಸು, ಅಂದುಕೊಂಡಳು. ಹಾಸಿಗೆ ಮಾತ್ರ ಒದ್ದೆಯಾಗುವುದು ನಿಲ್ಲಲಿಲ್ಲ.

ಮಾವನ ವರ್ತನೆ ಬದಲಾದದ್ದು ಆಗಲೇ. ಅವರು ತಲೆಯನ್ನು ದಿಂಬಿನಿಂದ ಜಾರಿಸಿ, ಕಿವಿಯನ್ನು ಬರಿನೆಲಕ್ಕೆ ಒತ್ತಿಕೊಂಡು ಮಲಗತೊಡಗಿದರು. ಮತ್ತೆ ಮತ್ತೆ ದಿಂಬಿಗೆ ಎತ್ತಿಟ್ಟರೆ ಮತ್ತೆ ಮತ್ತೆ ಜಾರುವರು. ತಮ್ಮನನ್ನು ನೋಡಲು ಮತ್ತೆ ಬಂದಿದ್ದ ದೇವೀರಮ್ಮ ಅದನ್ನು ಕಂಡು ಬಾಯಿಗೆ ಸೆರಗಿಟ್ಟುಕೊಂಡರು.

“ನೆಲದವ್ವ ಕರೀತಾವ್ಳೆ ಕಣವ್ವ. ನಮ್ಮಜ್ಜಿ ಏಳೋಳು, ಓಗೋ ಕಾಲ ಬಂದೋರು ನೆಲಕ್ಕೆ ಕಿವಿ ಕೊಡ್ತಾರೆ ಅಂತ. ಕೆಳಗಿಂದ ತಾಯಿ ‘ಬಾ ಮಗ, ಆಸಿಟ್ಟಿವ್ನಿ’ ಅಂತಾಳಂತೆ. ಕೇಳುಸ್ಕಂಡೋರು ಯಾರ್ಗೂ ಏಳ್ಕೂಡ್ದು.”

ಮಾವ ಅಕ್ಕನ ಮುಖವನ್ನೇ ನೋಡಿದರು. ಗಂಟಲಿನಿಂದ ಒಂದು ಸದ್ದು ಹೊರಡಿಸಿ ಎಡಗೈ ಎತ್ತಿ ಪಕ್ಕದ ಗೋಡೆಯ ಮೂಲೆಯತ್ತ ತೋರಿಸಿದರು. ಅಲ್ಲಿ ತೀರಿಹೋದ ಅತ್ತೆ ಮಾದಮ್ಮನ ಫೋಟೋ ಇತ್ತು.

“ನೋಡಿದ್ಯಾ,” ಎಂದು ದೇವೀರಮ್ಮ ಗಳಗಳನೆ ಅತ್ತರು. “ಎಡ್ತಿನ ಕೇಳ್ತಾವ್ನೆ.”

ವನಿತಾ ಫೋಟೋ ಇಳಿಸಿ ಧೂಳು ಒರೆಸಿ, ಅವರ ಕಣ್ಣೆದುರು ಬೀಳುವಂತೆ ಕಾಲ ಕಡೆಯ ಗೋಡೆಗೆ ತೂಗುಹಾಕಿದಳು. ಮಾವ ಅದರ ಕಡೆ ನೋಡಲಿಲ್ಲ. ಮರುದಿನವೂ ಕೈ ಅದೇ ಹಳೆಯ ಮೂಲೆಗೆ ಹೋಯಿತು. ಫೋಟೋ ಹೋದ ಮೇಲೆ ಅಲ್ಲಿ ಉಳಿದದ್ದು ಕೆಳಗಿದ್ದ ರಾಗಿಯ ಡ್ರಮ್ಮು ಮಾತ್ರ.

“ಮುದ್ದೆ ಬೇಕಾ ಮಾವ?” ಮೆತ್ತಗಿನದನ್ನೇ ಕೊಡಬೇಕೆಂದು ಗಂಜಿ ಕಾಯಿಸುತ್ತಿದ್ದವಳು ಅಂದು ರಾಗಿ ಹಿಟ್ಟು ತೆಗೆದು, ತೆಳ್ಳಗೆ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ಚಮಚದಲ್ಲಿ ಹಿಡಿದಳು. ಅವರು ಒಂದು ಚಮಚ ನುಂಗಿ ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಪಾಪ, ಬಹಳ ದಿನದ ಆಸೆ ಇರಬೇಕು ಅಂದುಕೊಂಡು ಅವಳು ಅದನ್ನೂ ಒರೆಸಿದಳು.

ಆ ವಾರ ಸಿದ್ಧಾರ್ಥನಿಗೆ ರಾತ್ರಿ ಪಾಳಿ. ಬೆಳಗಾಗುವಾಗ ಬಂದು ಅರೆನಿದ್ದೆಯಲ್ಲಿ ಅಪ್ಪನನ್ನು ಒರೆಸುತ್ತಿದ್ದವನು ಒಂದು ದಿನ ಕೂಗಿದ. ಅವಳು ಬಾಗಿಲವರೆಗೆ ಬಂದು ನಿಂತಳು.

“ಒಳಗೆ ಬಾ.”

“ಅವರ ಮೈ ಮೇಲೆ...”

“ಬಾ ಅಂದೆ.”

ಹೋದಳು. ಮಾವನನ್ನು ಮಗ್ಗುಲು ಮಾಡಿ ಹಿಡಿದುಕೊಂಡಿದ್ದ. ಮೊದಲ ಬಾರಿಗೆ ಅವಳು ಆ ಬೆನ್ನನ್ನು ಕಂಡಳು. ಬಹಳ ಹೊತ್ತು ನೀರಿನಲ್ಲಿಟ್ಟ ಬೆರಳಿನಂತೆ ಬಿಳಿಚಿ, ಮುದುಡಿ, ಸುಕ್ಕಾಗಿತ್ತು. ಸೊಂಟದ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ, ಅಂಗೈಯಷ್ಟು ಅಗಲಕ್ಕೆ ಚರ್ಮ ಸರಿದುಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ನಡುವೆ ಒಂದು ಕಡೆ ಕಪ್ಪಾಗಿತ್ತು.

“ಮೊನ್ನೆ ಬರೀ ಕೆಂಪಿತ್ತು. ಬಿಸಿಲು ಕಾಲ, ಸೆಕೆ ಅಂದ್ಕೊಂಡೆ,” ಅಂದ ಸಿದ್ಧಾರ್ಥ. “ಹಗಲೆಲ್ಲ ಇಲ್ಲೇ ಇರ್ತೀಯಲ್ಲ, ನೋಡ್ಲಿಲ್ವಾ?”

“ನಾನು ಹೆಂಗೆ ನೋಡ್ಲಿ?” ಎಂದಳು ವನಿತಾ. “ನೋಡೋ ಹಂಗೆ ಯಾವಾಗ ಇತ್ತು ಈ ಮನೇಲಿ?”

ಮಾವ ಮುಖವನ್ನು ಹಾಸಿಗೆಗೆ ಒತ್ತಿಕೊಂಡಿದ್ದರು. ಸೊಸೆ ಬೆನ್ನು ನೋಡುತ್ತಿದ್ದಾಳೆಂದು ಕಿವಿಯವರೆಗೆ ಕೆಂಪೇರಿತ್ತು.

ಅಂದೇ ಊರಿನ ಆಸ್ಪತ್ರೆಗೆ ಸೇರಿಸಿದರು. ಸತ್ತ ಚರ್ಮ ಕತ್ತರಿಸಿ ತೆಗೆಯಬೇಕು, ಮೈಯಲ್ಲಿ ನೀರಿಲ್ಲ, ಗ್ಲೂಕೋಸ್ ಬಾಟಲಿ ಏರಿಸಬೇಕು ಎಂದರು ಡಾಕ್ಟರು. “ನೀರು ಕುಡಿಸ್ತಿರಲಿಲ್ವಾ?” ಎಂದು ಕೇಳಿದಾಗ ಗಂಡ ಹೆಂಡತಿ ಪರಸ್ಪರ ಮುಖ ನೋಡಲಿಲ್ಲ.

ಸಿದ್ಧಾರ್ಥ ಆಸ್ಪತ್ರೆಯಲ್ಲಿ ಉಳಿದ. ವನಿತಾ ಮನೆಗೆ ಬಂದು ಹಾಸಿಗೆಯನ್ನು ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದಳು. ಚಾಪೆಯನ್ನು ಹಿತ್ತಲಿಗೆ ಎಸೆದಳು. ಕೋಣೆಯ ನೆಲವನ್ನು ಫಿನಾಯಿಲ್ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ, ಒಂದು ಹನಿ ತೇವವಿಲ್ಲದಂತೆ ಮಾಡಿ ಬಾಗಿಲೆಳೆದುಕೊಂಡಳು. ಮಾವ ಬರುವ ಹೊತ್ತಿಗೆ ಕೋಣೆ ಮದುವೆ ಮನೆಯ ಹಾಗಿರಬೇಕು ಅನ್ನುವ ಹಟ ಅವಳಿಗೆ. ಎರಡು ದಿನ ಆಸ್ಪತ್ರೆಗೆ ಗಂಜಿ ಒಯ್ಯುವುದರಲ್ಲೇ ಕಳೆಯಿತು.

ಮೂರನೆಯ ದಿನ ಬೆಳಿಗ್ಗೆ, ಹಾಸಿಗೆ ಹಾಸಿಡೋಣವೆಂದು ಬಾಗಿಲು ತೆರೆದು ಒಳಗೆ ಕಾಲಿಟ್ಟಳು. ಪಾದ ತಣ್ಣಗಾಯಿತು.

ಕೆಂಪು ನೆಲದ ಬಿರುಕಿನ ಗುಂಟ ಕನ್ನಡಿಯಂತೆ ನೀರು ನಿಂತಿತ್ತು. ಮಾವ ಮಲಗುತ್ತಿದ್ದ ಜಾಗದಷ್ಟೇ ಅಗಲ, ಅಷ್ಟೇ ಉದ್ದ. ಅವಳು ಕೂತು ಬೆರಳದ್ದಿ ಮೂಸಿದಳು. ಯಾವ ವಾಸನೆಯೂ ಇರಲಿಲ್ಲ. ನಾಲಿಗೆಗೆ ತಾಗಿಸಿದಳು. ದಿನಾ ಕುಡಿಯುವ ನೀರು.

ಮಲಗಿದವರು ಇಲ್ಲಿಲ್ಲ. ಹಾಸಿಗೆ ಇಲ್ಲಿಲ್ಲ. ಹಾಗಾದರೆ ಇದು ಯಾರದು?

ಅವಳು ಮೆಲ್ಲಗೆ ಬಗ್ಗಿ, ಒದ್ದೆಯಲ್ಲೇ ಕೆನ್ನೆಯಿಟ್ಟು, ಕಿವಿಯನ್ನು ನೆಲಕ್ಕೆ ಒತ್ತಿದಳು. ಕೆಳಗೆ ಸಣ್ಣಗೆ, ಸುಮ್ಮನಿರದ ಒಂದು ಸದ್ದು. ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಳ್ಳುತ್ತಿರುವ ಹಾಗೆ. ನೆಲದವ್ವ ಕರೆಯುತ್ತಿರಲಿಲ್ಲ, ಪೈಪು ಸೋರುತ್ತಿತ್ತು. ಊರಿನ ನೆಲಕ್ಕೆಲ್ಲ ಕಿವಿ ಕೊಟ್ಟು ಬದುಕಿದವರು ತಮ್ಮ ಬೆನ್ನಡಿಯ ಸೋರಿಕೆಯನ್ನು ಇಷ್ಟು ದಿನ ಕೇಳುತ್ತ ಮಲಗಿದ್ದರು. ಕೇಳಿದ್ದನ್ನು ಹೇಳಲೂ ಹೇಳಿದ್ದರು.

ವನಿತಾ ಎದ್ದು ಮಾವನ ಕೈ ಹೋಗುತ್ತಿದ್ದ ಮೂಲೆಗೆ ಹೋದಳು. ರಾಗಿಯ ಡ್ರಮ್ಮು ಅಲುಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಾಲಿನಿಂದ ಒದ್ದು ಒದ್ದು ಸರಿಸಿದಳು. ಅದರ ಹಿಂದೆ, ಮೊಣಕಾಲೆತ್ತರದಲ್ಲಿ, ಗೋಡೆಯದೇ ಸುಣ್ಣ ಬಳಿದ ಒಂದು ತಗಡಿನ ಮುಚ್ಚಳ. ಚಾಕುವಿನಿಂದ ಮೀಟಿದರೆ ಗೂಡಿನೊಳಗೆ ತುಕ್ಕು ಹಿಡಿದ ಗುಂಡನೆಯ ವಾಲ್ವು. ಯಾವ ಕಡೆ ತಿರುಗಿಸಬೇಕೋ ಗೊತ್ತಿರಲಿಲ್ಲ. ಒಂದು ಕಡೆ ತಿರುಗಿಸಿದಳು, ಬರಲಿಲ್ಲ. ಸೆರಗು ಸುತ್ತಿಕೊಂಡು ಇನ್ನೊಂದು ಕಡೆ ತಿರುಗಿಸಿದಳು. ಅಂಗೈ ಕಿತ್ತು ರಕ್ತ ಬಂದ ಮೇಲೆ ಅದು ಬಿಗಿಯಾಯಿತು.

ಮನೆ ನಿಶ್ಶಬ್ದವಾಯಿತು. ಇಷ್ಟು ದಿನ ಆ ಮನೆಯಲ್ಲಿ ಒಂದು ಸದ್ದಿತ್ತು ಎಂಬುದು ಅದು ನಿಂತ ಮೇಲೆ ಅವಳಿಗೆ ತಿಳಿಯಿತು.

ಅಂದು ಮಧ್ಯಾಹ್ನವೇ ಪ್ಲಂಬರ್ ನಂಜುಂಡೇಶ್ ಬಂದು ನೆಲ ಒಡೆದ. ಮಾತುಗಾರ. ಗಾರೆಯ ಚೂರುಗಳನ್ನು ಬುಟ್ಟಿಗೆ ತುಂಬುತ್ತ, “ಅಕ್ಕ, ನಿಮ್ಮ ಮಾವ ಪೈಪ್ ಹಾಕಿಲ್ಲ, ನಿಧಿ ಹೂತವ್ರೆ. ಎಷ್ಟು ಆಳ ಅಂತೀನಿ,” ಎಂದು ನಗಾಡಿದ. ಅವನು ಕೊನೆಗೆ ಬಾಗಿದ ಒಂದು ತುಂಡು ಕಬ್ಬಿಣವನ್ನು ಬೆಳಕಿಗೆ ಹಿಡಿದ. ತುಕ್ಕಿನ ನಡುವೆ ಸೂಜಿ ಹೋಗುವಷ್ಟು ತೂತು.

“ಇಷ್ಟೇ. ಮಿಕ್ಕಿದ್ದೆಲ್ಲ ಪಿವಿಸಿಗೆ ಬದಲಾಯಿಸವ್ರೆ, ಇಲ್ಲಿ ಮಾತ್ರ ಹಳೇದು ಬಿಟ್ಟವ್ರೆ. ಯಾಕೋ ಕಾಣೆ.”

ಯಾಕೆಂಬುದು ಸಂಜೆ ಬಟ್ಟೆ ಒಯ್ಯಲು ಬಂದ ಸಿದ್ಧಾರ್ಥನಿಗೆ ಗೊತ್ತಿತ್ತು. ಒಡೆದ ನೆಲದ ಅಂಚಿನಲ್ಲಿ ನಿಂತು, “ಅವ್ವ ಒಪ್ಪಿರ್ಲಿಲ್ಲ,” ಅಂದ. “ಈ ಕೆಂಪು ನೆಲಾನ ಅವ್ವನೇ ಕಲ್ಲಲ್ಲಿ ಉಜ್ಜಿ ನುಣುಪು ಮಾಡಿದ್ಳು. ಒಡೆದ್ರೆ ನನ್ನ ಎದೆ ಒಡೆದಂಗೆ ಅಂತ ಕೂತ್ಬಿಟ್ಳು. ಅಪ್ಪ ಆಮೇಲೆ ಮಾಡಿದ್ರಾಯ್ತು ಅಂದ್ರು.” ಆಮೇಲೆ ಅವಳ ಕಡೆ ನೋಡದೆ, “ನೀರು ಕಮ್ಮಿ ಕೊಡು ಅಂದೋನು ನಾನೇ ಅಲ್ವಾ?” ಎಂದು ಕೇಳಿದ.

“ಕೊಟ್ಟೋಳು ನಾನು,” ಎಂದಳು ವನಿತಾ.

ಮಾವ ಮನೆಗೆ ಬಂದರು. ನಡುಮನೆಯಲ್ಲಿ, ಮಂಚದ ಮೇಲೆ, ಪಕ್ಕಕ್ಕೆ ಅಡ್ಡಪಟ್ಟಿ ಕಟ್ಟಿಸಿ ಮಲಗಿಸಿದರು. ಇನ್ನು ಮೇಲೆ ಬೆನ್ನು ನನ್ನದು ಎಂದಳು ವನಿತಾ. ಯಾರೂ ಬೇಡವೆನ್ನಲಿಲ್ಲ. ಮೊದಲ ದಿನ ಅವಳು ಪಂಚೆ ಸರಿಸಿದಾಗ ಮಾವ ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಅವಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ವಾಲ್ವು ಸಿಕ್ತು ಮಾವ,” ಎಂದಳು, ಒತ್ತಿ ಒತ್ತಿ ಒರೆಸುತ್ತ. “ಡ್ರಮ್ಮಿನ ಹಿಂದೆ. ನೀರು ನಿಲ್ಸಿದೆ. ನೀವಲ್ಲ ಹಾಸಿಗೆ ನೆನೆಸಿದ್ದು. ಗೊತ್ತಾಯ್ತು.”

ಅವರು ಗೋಡೆಯ ಕಡೆಗೇ ಮುಖ ಮಾಡಿದ್ದರು. ಕೇಳಿಸಿತೆಂಬುದಕ್ಕೆ ಗುರುತೇನೂ ಸಿಗಲಿಲ್ಲ.

ಗಾಯ ಅಂಚಿನಿಂದ ಒಣಗುವಂತೆ ಕಂಡು, ಒಳಗಿನಿಂದ ಆಳವಾಯಿತು. ಹತ್ತಿ ತುರುಕಿದರೆ ಬೆರಳ ಗೆಣ್ಣು ಮುಳುಗುವಷ್ಟು. ವನಿತಾ ಕೈ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಡಾಕ್ಟರು ಹೇಳಿದಂತೆ ಕಟ್ಟು ಕಟ್ಟುವಳು. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುವಳು. ಎಲ್ಲವನ್ನೂ ಈಗ ಕಣ್ಣಾರೆ ನೋಡಿ ಮಾಡುವಳು. ನೋಡಬೇಕಾದ ಕಾಲ ದಾಟಿಹೋಗಿತ್ತು.

ಆದರೆ ಅವಳನ್ನು ಹಣ್ಣು ಮಾಡಿದ್ದು ಗಾಯವಲ್ಲ. ಮಾವ ನೀರು ಕುಡಿಯಲಿಲ್ಲ.

ಲೋಟ ತುಟಿಗೆ ಹಿಡಿದರೆ ಒಂದು ಗುಟುಕು ಕುಡಿದು ಬಾಯಿ ಮುಚ್ಚುವರು. ಚಮಚದಲ್ಲಿ ಕೊಟ್ಟರೆ ಹಲ್ಲು ಬಿಗಿಯುವರು. ಎಳನೀರು ತಂದಳು, ಪಾನಕ ಮಾಡಿದಳು. ಎಡಗೈ ಎದ್ದು ಲೋಟವನ್ನು ಮೆಲ್ಲಗೆ, ಗೌರವದಿಂದಲೇ, ಆಚೆ ತಳ್ಳುವುದು. ಆಮೇಲೆ ಅದೇ ಕೈ ಕೆಳಗಿಳಿದು, ಮೈ ಕೆಳಗಿನ ಬಟ್ಟೆಯನ್ನು ತಡವಿ ನೋಡುವುದು. ಒಣಗಿದೆ ಎಂದು ಗೊತ್ತಾದ ಮೇಲೆಯೇ ಅವರು ಕಣ್ಣು ಮುಚ್ಚುತ್ತಿದ್ದದ್ದು.

“ಕುಡೀರಿ ಮಾವ. ನೆನೆದ್ರೆ ನೆನೀಲಿ. ನಾನು ಒಗೀತೀನಿ. ಬೇಜಾರಿಲ್ಲ ನಂಗೆ,” ಎಂದು ಅವಳು ಮಂಚದ ಕಾಲಿನ ಬಳಿ ಕೂತು ಗೋಗರೆದಳು. ಅವರು ಸೊಸೆಯ ತಲೆಯ ಮೇಲೆ ಕೈಯಿಟ್ಟರು. ನೀರು ಕುಡಿಯಲಿಲ್ಲ.

ಜ್ವರ ಬಂತು. ಮೈಸೂರಿಗೆ ಒಯ್ದರು; ವಿಷ ರಕ್ತಕ್ಕೆ ಸೇರಿದೆ ಎಂದು ಒಂದು ವಾರ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಆಯಿತು. ಸೋಸಲೆಯಿಂದ ದೇವೀರಮ್ಮ ಗಂಟು ಕಟ್ಟಿಕೊಂಡು ಬಂದು ಕೂತರು. ಈ ಸಲ ಅವರು ಯಾವ ಕಥೆಯನ್ನೂ ಹೇಳಲಿಲ್ಲ.

ಮೇಷ್ಟ್ರು ಒಬ್ಬರು ಬಂದು ಬುದ್ಧವಂದನೆ ಹೇಳಿ ಹೋದ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ಮಾವನ ಉಸಿರು ದೂರ ದೂರವಾಗತೊಡಗಿತು. ಬೀದಿಯಲ್ಲಿ ನಲ್ಲಿಗೆ ನೀರು ಬಿಟ್ಟಿದ್ದರು. ಬಿಂದಿಗೆಗಳ ಸದ್ದು ಒಳಗೆ ಕೇಳುತ್ತಿತ್ತು. ಬಂಧುಗಳು ಸುತ್ತ ನಿಂತರು. ಬೆನ್ನ ಮೇಲೆ ಮಲಗಿಸುವಂತಿರಲಿಲ್ಲವಾದ್ದರಿಂದ ಅವರು ಎಡಮಗ್ಗುಲಿಗೇ ಇದ್ದರು.

“ಬಾಯ್ಗೆ ನೀರ್ ಬುಡ್ರಪ್ಪ ಎಲ್ರೂವೆ,” ಎಂದರು ದೇವೀರಮ್ಮ.

ಸಿದ್ಧಾರ್ಥ ಬಿಟ್ಟ. ಅರ್ಧ ಗದ್ದಕ್ಕೆ ಬಿತ್ತು. ನೆಂಟರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಚಮಚ ವನಿತಾಳ ಕೈಗೆ ಬಂತು. ಅವಳು ಅದನ್ನು ಹಿಡಿದುಕೊಂಡು ನಿಂತೇ ಇದ್ದಳು.

“ಬುಡವ್ವ. ನೀನಲ್ವಾ ನೋಡ್ಕಂಡೋಳು,” ಎಂದರು ಯಾರೋ ಹಿಂದಿನಿಂದ, ಒಳ್ಳೆಯ ಮನಸ್ಸಿನಿಂದಲೇ.

ಅವಳು ಬಗ್ಗಿ ಚಮಚವನ್ನು ತುಟಿಗೆ ಹಿಡಿದಳು. ತುಟಿ ತೆರೆದಿತ್ತು. ಆ ಬಾಯಿ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸುರಿದ ನೀರು ಒಳಗೆ ಒಂದು ಗಳಿಗೆ ನಿಂತು, ಮಗ್ಗುಲಾಗಿ ಮಲಗಿದ್ದರಿಂದ ಕೆಳತುಟಿಯ ತುದಿಯಿಂದ ಮೆಲ್ಲಗೆ ಹೊರಗೆ ಹರಿದು, ಕೆನ್ನೆಯ ಕೆಳಗಿನ ಬಟ್ಟೆಗೆ ಇಳಿಯಿತು. ಒದ್ದೆ ಹರಡಿತು. ಅವಳ ಕೈ ತಾನಾಗಿಯೇ ಆ ಬಟ್ಟೆಯ ಅಂಚಿಗೆ ಹೋಯಿತು. ಎಳೆದು, ಒಣಗಿದ್ದನ್ನು ಹಾಸಲು ಇನ್ನೊಂದು ಕೈ ಆಗಲೇ ಮಡಿಸಿಟ್ಟ ಪಂಚೆಗಳ ಕಡೆ ಚಾಚಿತ್ತು.

ದೇವೀರಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು.

“ಬುಡು ಕಣವ್ವ,” ಅಂದರು. “ನೆನೀಲಿ.”